ವಿಮಾನದ ಹೊಲ ಕಾಯ್ದ ಬೂದೆಪ್ಪ

ನಮ್ಮಕ್ಕ ಆದೆಮ್ಮನ ಗಂಡ ಬೂದೆಪ್ಪನಿಗೆ, ಬೇರೆಯವರಿಗೆ ಹಸಿವಾಗುವಂತೆ, ಹೊತ್ತು ಹೊತ್ತಿಗೆ ಅನುಮಾನವಾಗುತ್ತಿತ್ತು. ಸೀಮೆಎಣ್ಣೆ ತಂದರೆ ಮೂಸಿ ನೋಡುವನು. ಕಂಡಕ್ಟರ್ ಗಂಟಲು ಹರಿಯುವಂತೆ ರಾಯಚೂರು ರಾಯಚೂರು ಎಂದು ಕೂಗುತ್ತಿದ್ದರೂ, ಒಳಗೆ ಕುಳಿತ ಇಬ್ಬರನ್ನು ಬೇರೆಬೇರೆಯಾಗಿ ಕೇಳಿಯೇ ಬಸ್ಸು ಹತ್ತುವನು. ಮದುವೆಯಲ್ಲಿ ಅಕ್ಷತೆ ಬೀಳುವ ಮೊದಲು ಅಂತರಪಟದ ಕೆಳಗೆ ಬಗ್ಗಿ ನಮ್ಮಕ್ಕನ ಕಾಲು ನೋಡಿದ ಮಹಾರಾಯ ಅವನು. ಅಕ್ಕನ ಎಡಗಾಲಿನ ಹೆಬ್ಬೆರಳ ಉಗುರು ಸೀಳಿತ್ತು. ಹೆಣ್ಣು ನೋಡಲು ಬಂದಾಗಲೇ ಅದನ್ನು ಗುರುತಿಟ್ಟುಕೊಂಡು, ತೋರಿಸಿದ ಹುಡುಗಿಯನ್ನೇ ಕೊಡುತ್ತಿದ್ದಾರೋ ಇಲ್ಲವೋ ಎಂದು ಪರೀಕ್ಷೆ ಮಾಡಿದ್ದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಅವತ್ತೇ ಅವನ ಮುಖದ ಮೇಲೆ ಹೇಳಿದ್ದೆ. ನಾದಿನಿಯ ಮಾತೆಂದು ನಕ್ಕುಬಿಟ್ಟ.

ಇಂಥವನಿಗೆ ಸರಕಾರ ಯಾವ ಕೆಲಸ ಕೊಡಬೇಕು? ಕಾವಲುಗಾರನ ಕೆಲಸ ಕೊಟ್ಟಿತು. ಕೋತಿಗೆ ಹೆಂಡ ಕುಡಿಸಿದಂತಾಯಿತು.

ಆ ಕೆಲಸ ಬಂದದ್ದು ನಮ್ಮ ಹೊಲದಿಂದ. ಕಲ್ಮಲದ ಆಚೆ, ಮಾನ್ವಿ ರಸ್ತೆಯ ಬದಿಗೆ, ನಮ್ಮಪ್ಪ ಪಕೀರಪ್ಪ ಜೀವಮಾನವಿಡೀ ಕೂಲಿ ಮಾಡಿ ಕೊನೆಗೆ ಒಂದು ತುಂಡು ಹೊಲ ಮಾಡಿದ್ದ. ಕಾಲುವೆ ನೀರು ಬಂದ ಮೇಲೆ ಸೀಮೆಯಲ್ಲೆಲ್ಲ ಹತ್ತಿ ಹೆಚ್ಚಾಯಿತು, ಹತ್ತಿಗೆ ಹುಳು ಹೆಚ್ಚಾಯಿತು. ಹುಳುವಿಗೆ ಮೇಲಿನಿಂದ ಔಷಧ ಸಿಂಪಡಿಸಲು ಒಂದು ಕಂಪನಿಯ ಸಣ್ಣ ವಿಮಾನ ಬಂತು. ಅದು ಇಳಿಯಲು, ಏರಲು ನೆಲ ಬೇಕಲ್ಲ, ನಮ್ಮದೂ ಅಕ್ಕಪಕ್ಕದವರದೂ ಹೊಲಗಳನ್ನು ಸರಕಾರ ತೆಗೆದುಕೊಂಡು, ಮೊರಂ ಹಾಕಿ, ಉದ್ದಕ್ಕೆ ಸಪಾಟು ಮಾಡಿಸಿತು. ಅಂಚಿಗೆ ಕಲ್ಲು ನೆಟ್ಟರು. ಒಂದೊಂದು ಮೂಲೆಗೆ ಐದೈದು ಕಲ್ಲು, ಎಲ್ಲಕ್ಕೂ ಬಿಳಿ ಸುಣ್ಣ, ವಿಮಾನ ನಡೆಸುವವನಿಗೆ ಮೇಲಿನಿಂದ ಕಾಣಲಿ ಎಂದು. ಮರುವರ್ಷವೇ ಅಪ್ಪ ತೀರಿಕೊಂಡ. ಗಂಡುಮಕ್ಕಳಿಲ್ಲದ ಮನೆ ಎಂದು, ಹೊಲ ಹೋದದ್ದಕ್ಕೆ ಕೊಟ್ಟ ಕಾವಲಿನ ಕೆಲಸ ಅಳಿಯನಿಗೆ ಬಂತು. ದೇವದುರ್ಗದ ಕಡೆಯ ಗೂಗಲ್‌ನಿಂದ ಬೂದೆಪ್ಪ ಬಂದು ಕಲ್ಮಲದಲ್ಲೇ, ನಮ್ಮವ್ವನ ಮನೆಯ ಗೋಡೆಗೆ ಹೊಂದಿದ ಮನೆಯಲ್ಲಿ, ಸಂಸಾರ ಹೂಡಿದ. ನಾನು ಆಗಷ್ಟೇ ಮಾನ್ವಿಯಲ್ಲಿ ಶಾಲೆಯ ಮಾಸ್ತರಿಣಿಯಾಗಿ ಬಾಡಿಗೆ ಖೋಲಿಯಲ್ಲಿದ್ದೆ.

ನಮ್ಮವ್ವ ಮೂಕಮ್ಮ ಹೆಸರಿಗೆ ಮಾತ್ರ ಮೂಕಮ್ಮ, ಬಾಯಿ ಊರಗಲ. ಆದರೆ ಅಳಿಯನ ಎದುರು ಒಂದು ಮಾತೂ ಇಲ್ಲ. ಹಳೆಯ ರೀತಿ. ಅತ್ತೆಯಾದವಳು ಅಳಿಯನ ಮುಂದೆ ಸೆರಗು ಮುಂದಕ್ಕೆ ಎಳೆದುಕೊಂಡು ನಿಲ್ಲಬೇಕು, ಹೇಳುವುದೇನಿದ್ದರೂ ಮಗಳ ಕಡೆ ತಿರುಗಿ ಹೇಳಬೇಕು. "ಆದೆವ್ವ, ನಿನ್ನ ಗಂಡಗ ಹೇಳು, ಆಕಳಿಗೆ ಮೇವಿಲ್ಲ." ಅವನು ಪಕ್ಕದಲ್ಲೇ ಕುಳಿತು ರೊಟ್ಟಿ ಮುರಿಯುತ್ತಿರುತ್ತಿದ್ದ. "ನಿಮ್ಮವ್ವಗ ಹೇಳು, ನಾಳೆ ತರ್ತೀನಿ." ಅಕ್ಕ ನಡುವೆ ಕುಳಿತು ಇಬ್ಬರ ಮಾತನ್ನೂ ಇನ್ನೊಮ್ಮೆ ಹೇಳುವ ಕಷ್ಟ ಕೂಡ ತೆಗೆದುಕೊಳ್ಳುತ್ತಿರಲಿಲ್ಲ. ನನಗೆ ನಗು ಬರುತ್ತಿತ್ತು. ಮುಂದೆ ಈ ರೂಢಿಯೇ ಒಬ್ಬನ ಬಾಳಿಗೆ ಮುಳುವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಆ ಒಬ್ಬ ಎಂದರೆ ಜಹೀರುದ್ದೀನ್. ಮಾನ್ವಿಯವನು, ಕಂಪನಿಯ ಆಳು. ಔಷಧದ ಪುಡಿ ಕಲಸುವುದು, ವಿಮಾನದ ಹೊಟ್ಟೆಗೆ ತುಂಬುವುದು, ಪೆಟ್ರೋಲಿನ ಪೀಪಾಯಿ ಉರುಳಿಸಿ ತರುವುದು, ರಾತ್ರಿ ತಾಡಪತ್ರಿ ಹೊದಿಸುವುದು ಅವನ ಕೆಲಸ. ಬೂದೆಪ್ಪ ಈ ಲೋಕದಲ್ಲಿ ಮೂಸಿ ನೋಡದೆ ಉಂಡದ್ದು ಜಹೀರನ ಡಬ್ಬಿಯಿಂದ ಮಾತ್ರ. ಅವನ ಹೆಂಡತಿ ಶಹಜಾದಿ ಬೇಗಂ ಕಟ್ಟಿಕೊಟ್ಟ ಖಟ್ಟಾ ದಾಲು, ನಮ್ಮಕ್ಕ ಕಟ್ಟಿಕೊಟ್ಟ ಜೋಳದ ರೊಟ್ಟಿ, ಎರಡನ್ನೂ ವಿಮಾನದ ರೆಕ್ಕೆಯ ನೆರಳಲ್ಲಿ ಹಂಚಿಕೊಂಡು ತಿನ್ನುತ್ತಿದ್ದರು. ನಾನು ಒಮ್ಮೆ ಕೇಳಿದೆ, "ಮಾಮಾ, ಇವನ ಮ್ಯಾಲೆ ಯಾಕ ನಿನಗ ಅನುಮಾನ ಬರಂಗಿಲ್ಲ?" ಅವನು ಬಹಳ ಹೊತ್ತು ಯೋಚಿಸಿ, "ಯಾಕೋ ಬಂದಿಲ್ಲ ನೋಡು" ಎಂದ. ಬರಲಿಲ್ಲವಲ್ಲ ಎಂಬುದೇ ಅವನಿಗೆ ಅನುಮಾನಕ್ಕೆ ಕಾರಣವಾದಂತೆ ಕಂಡಿತು.

ಎಪ್ಪತ್ತೊಂದರ ಡಿಸೆಂಬರ್‌ನಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ಶುರುವಾಯಿತು. ಎರಡು ದಿನದಲ್ಲಿ ಜೀಪು ಬಂತು. ಸರಕಾರದ ಅಪ್ಪಣೆ ಇಲ್ಲದೆ ಯಾವ ಖಾಸಗಿ ವಿಮಾನವೂ ನೆಲ ಬಿಟ್ಟು ಏಳಕೂಡದು ಎಂದು ಜೀಪಿನ ಸಾಹೇಬ ಓದಿ ಹೇಳಿದ. ವಿಮಾನದ ಬ್ಯಾಟರಿ ಬಿಚ್ಚಿಸಿ ಕಚೇರಿಗೆ ಒಯ್ದರು, ಪೀಪಾಯಿಗಳಿಗೆ ಅರಗಿನ ಮುದ್ರೆ ಒತ್ತಿದರು. ಶತ್ರುವಿನ ವಿಮಾನ ಇಳಿಯಬಾರದೆಂದು ನೆಲದ ನಡುವೆ ಜಾಲಿಮುಳ್ಳಿನ ಹೊರೆ, ಮುರಿದ ಬಂಡಿ ತಂದು ಹಾಕಿಸಿದರು. ವಿಮಾನ ನಡೆಸುತ್ತಿದ್ದ ಮದ್ರಾಸಿನವನು ಅವತ್ತೇ ಚೀಲ ಹಿಡಿದುಕೊಂಡು ರಾಯಚೂರು ಸ್ಟೇಷನ್ನಿಗೆ ಹೋದ. ಬೂದೆಪ್ಪನಿಗೆ ಹೇಳಿದ್ದು ಎರಡೇ ಮಾತು. ಬಿಳಿ ಕಲ್ಲಿಗೆಲ್ಲ ಕೆಸರು ಬಳಿಯಬೇಕು, ಮೇಲಿನಿಂದ ಒಂದೂ ಕಾಣಬಾರದು. ಎಲ್ಲರ ಮೇಲೂ ಕಣ್ಣಿಡಬೇಕು, ಇಲ್ಲಿ ನಡೆದದ್ದನ್ನು ಹೆಂಡತಿಗೂ ಹೇಳಬಾರದು.

ಅವನು ಕೆಸರು ಬಳಿದ. ಎಷ್ಟು ಶ್ರದ್ಧೆಯಿಂದ ಬಳಿದನೆಂದರೆ ಮನೆಯ ಗೋಡೆಗೂ ಅಷ್ಟು ಚೆನ್ನಾಗಿ ಬಳಿದವನಲ್ಲ. ಆ ಶನಿವಾರ ನಾನು ಊರಿಗೆ ಬಂದಾಗ ಅವನ ನಡಿಗೆಯೇ ಬೇರೆಯಾಗಿತ್ತು. ಅವನನ್ನಷ್ಟೇ ಅಂದು ಏನು ಫಲ, ಊರಿಗೆ ಊರೇ ಹಾಗಾಗಿತ್ತು. ರಾಯಚೂರು ಪೇಟೆಯಲ್ಲಿ ಕಿಟಕಿಗೆ ಕರಿ ಕಾಗದ, ಲಾರಿಯ ದೀಪಕ್ಕೆ ಅರ್ಧ ಕರಿ ಬಣ್ಣ. ಹದ್ದು ಹಾರಿದರೆ ಕೈ ಅಡ್ಡ ಹಿಡಿದು ನೋಡುವವರು. ಮಟಮಾರಿಯ ಬಳೆಗಾರನೊಬ್ಬ ಹೊಸ ಊರಿಗೆ ಹೋಗಿ ದಾರಿ ಕೇಳಿದ್ದಕ್ಕೆ ಅವನ ಮಲಾರದ ಬಳೆಗಳನ್ನೆಲ್ಲ ಬಿಚ್ಚಿಸಿ ನೋಡಿದರಂತೆ.

ಒಂದು ಮುಂಜಾನೆ ರಸ್ತೆ ಕಡೆಯ ಮೂಲೆಯ ಐದು ಕಲ್ಲು ಬೆಳ್ಳಗಿದ್ದವು. ಕೆಸರು ತೊಳೆದು ಯಾರೋ ಹೊಸ ಸುಣ್ಣ ಬಳಿದಿದ್ದರು. ಬೂದೆಪ್ಪ ಬೆವೆತುಹೋದ. ಮತ್ತೆ ಕೆಸರು ಬಳಿದ. ಎರಡು ದಿನ ಬಿಟ್ಟು ಮತ್ತೆ ಬೆಳ್ಳಗೆ. ಬೇರೆ ಯಾವ ಮೂಲೆಯೂ ಅಲ್ಲ, ಅದೇ ಮೂಲೆ, ಅದೇ ಐದು. ಇದು ಮೇಲೆ ಹಾರುವವರಿಗೆ ತೋರಿಸುವ ಗುರುತಲ್ಲದೆ ಇನ್ನೇನು ಎಂದು ಅವನು ತೀರ್ಮಾನಿಸಿದ. ಹೇಳಿದ್ದು ಸರಕಾರಕ್ಕೆ ಮಾತ್ರ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ.

ಸಾಹೇಬ ಬಂದು ಕಲ್ಲು ನೋಡಿದ. "ಇಲ್ಲಿ ಹಗಲು ರಾತ್ರಿ ಇರೋರು ಯಾರ್ಯಾರು?" ಎಂದು ಕೇಳಿದ.

"ನಾನ್ರಿ. ಮತ್ತ ಜಹೀರುದ್ದೀನ."

ಸಾಹೇಬ ಆ ಎರಡನೆಯ ಹೆಸರಿನ ಹತ್ತಿರ ಸ್ವಲ್ಪ ನಿಂತ. "ಅವನು ಹ್ಯಾಂಗ?" ಎಂದ, ಅಷ್ಟೇ. ಆ ದಿನಗಳಲ್ಲಿ ಅದಕ್ಕಿಂತ ಹೆಚ್ಚು ಯಾರೂ ಕೇಳಬೇಕಾಗಿರಲಿಲ್ಲ.

ಬಾರದಿದ್ದ ಅನುಮಾನ ಬೂದೆಪ್ಪನಿಗೆ ಒಮ್ಮೆಲೇ ಬಂತು. ಹಾರದ ವಿಮಾನದ ಪಂಖವನ್ನು ಜಹೀರ ದಿನಾ ಮುಂಜಾನೆ ಕೈಯಿಂದ ಯಾಕೆ ತಿರುಗಿಸುತ್ತಾನೆ? ಇಂಜಿನು ಬಿಗಿಯಬಾರದೆಂದು ಅವನೇ ಹೇಳಿದ್ದ, ಆದರೆ ಹೇಳಿದ್ದು ಖರೆ ಎನ್ನಲು ಸಾಕ್ಷಿ ಯಾರು? ಸಂಜೆ ಟ್ರಾನ್ಸಿಸ್ಟರನ್ನು ಕಿವಿಗೆ ಯಾಕೆ ಒತ್ತಿಕೊಳ್ಳುತ್ತಾನೆ? "ಅವನ ಕೈ ನೋಡ್ರಿ ಸಾಹೇಬ್ರ, ಯಾವಾಗ್ಲೂ ಬೆಳ್ಳಗಿರ್ತಾವ" ಎಂದ ಬೂದೆಪ್ಪ. ವರ್ಷಗಟ್ಟಲೆ ಔಷಧದ ಪುಡಿ ಕಲಸಿದವನ ಕೈ ಬೆಳ್ಳಗಿರದೆ ಇನ್ನು ಹೇಗಿರಬೇಕು? ಈ ಮಾತು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಜೀಪಿನವರು ಬಂದು ಜಹೀರನನ್ನು ಕರೆದಾಗ ಅವನು ಚಹಾ ಕಾಸುತ್ತಿದ್ದ. ಯಾಕೆ ಎಂದು ಕೂಡ ಕೇಳಲಿಲ್ಲವಂತೆ. ಬ್ಯಾಟರಿಯ ವಿಚಾರಕ್ಕೆ ಕರೆದಿದ್ದಾರೆ ಎಂದುಕೊಂಡಿರಬೇಕು. "ಬೂದೆಪ್ಪಣ್ಣ, ಚಾ ಉಕ್ಕತದ, ಇಳಸ್ಕೊ" ಎಂದು ಹೇಳಿ ಜೀಪು ಹತ್ತಿದ.

ಮೂರನೆಯ ದಿನ ಶಹಜಾದಿ ಬೇಗಂ ಮಾನ್ವಿಯಲ್ಲಿ ನನ್ನ ಶಾಲೆಗೇ ಬಂದಳು. ಬುರ್ಖಾದ ಅಂಚು ಧೂಳಾಗಿತ್ತು. "ಟೀಚರಮ್ಮಾ, ನಿಮ್ಮ ಮಾಮಾರ ಸಂಗಡಾನೇ ಇದ್ರಲ್ಲ ಇವ್ರು. ಠಾಣಾದಾಗ ನನ್ನ ಒಳಗ ಬಿಡವಲ್ರು. ಯುದ್ಧದ ಕಾನೂನು ಅಂತ, ವಕೀಲಗೂ ಕೈ ಹಾಕಾಕ ಬರಂಗಿಲ್ಲಂತ. ನಿಮ್ಮ ಮಾಮಾರಿಗೆ ಹೇಳ್ರಿ, ಒಂದು ಮಾತು ಒಳ್ಳೇದು ಹೇಳ್ಲಿ." ಒಳ್ಳೆಯದಲ್ಲದ ಮಾತು ಹೇಳಿದವನೇ ಅವನು ಎಂದು ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಗಲಿ ಎಂದು ಧೈರ್ಯ ಹೇಳಿ ಕಳಿಸಿದೆ.

ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು ಎಂದು ಗುರುವಾರ ರೇಡಿಯೊ ಹೇಳಿತು. ಮರುದಿನ ಎಳ್ಳಮಾವಾಸ್ಯೆ. ನಮ್ಮ ಸೀಮೆಯಲ್ಲಿ ಅವತ್ತು ಊರಲ್ಲಿ ನಾಯಿಯೂ ಇರುವುದಿಲ್ಲ, ಎಲ್ಲ ಹೊಲದಲ್ಲಿ. ಹೊಲ ಇದ್ದವರು ಬಂಡಿ ಕಟ್ಟಿಕೊಂಡು, ಇಲ್ಲದವರು ಇದ್ದವರ ಬಂಡಿಯಲ್ಲಿ. ಬೂದೆಪ್ಪ ಪ್ರತಿ ವರ್ಷ ಅಂದು ಅಕ್ಕನನ್ನು ಕರೆದುಕೊಂಡು ಗೂಗಲ್‌ಗೆ, ತನ್ನ ಅಣ್ಣನ ಹೊಲಕ್ಕೆ ಹೋಗುತ್ತಿದ್ದ. ಆ ವರ್ಷ ಜಾಗ ಬಿಟ್ಟು ಕದಲಬಾರದೆಂದು ಅಪ್ಪಣೆಯಿತ್ತು. ನಾನು ಮಾನ್ವಿಯಿಂದ ಬೆಳಗಿನ ಬಸ್ಸಿಗೆ ಬಂದೆ. ಅವ್ವ ಬುಟ್ಟಿ ತುಂಬಿ ಇಟ್ಟುಕೊಂಡಿದ್ದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ.

"ಯಾರ ಹೊಲಕ್ಕ ಯವ್ವಾ?" ಎಂದೆ.

"ಯಾರದಾ? ನಮ್ಮದು. ಹೊರು ಬುಟ್ಟಿ."

ಅವಳ ಹಿಂದೆ ನಡೆದೆ. ರಸ್ತೆ ಕಡೆಯ ಮೂಲೆಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿದ್ದ ಮಡಕೆ ಇಳಿಸಿದಳು. ಅದರಲ್ಲಿ ಕದಡಿದ ಸುಣ್ಣ. ಕೆಸರು ಬಳಿದ ಐದು ಕಲ್ಲನ್ನು ನೀರು ಹಾಕಿ ತೊಳೆದು, ಹಿಡಿಹುಲ್ಲಿನ ಕುಂಚದಿಂದ ಒಂದೊಂದಕ್ಕೆ ಸುಣ್ಣ ಎಳೆಯತೊಡಗಿದಳು. ತೊಳೆಯುತ್ತಾ ಬೈಗುಳ ಬೇರೆ. "ಯಾವ ಹಾಟ್ಯಾನೋ ಏನೋ, ಪಾಂಡವರಿಗೆ ಕೆಸರು ಬಳೀತಾನ. ನಾ ತೊಳ್ಯಾದು, ಅವ ಬಳ್ಯಾದು. ಅವನ ಕೈ ಸೇದಿ ಹೋಗ್ಲಿ."

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡುತ್ತೇವೆ, ಎಡೆ ಹಿಡಿದು, ಆ ಅಡುಗೆಯನ್ನೇ ಹೊಲದ ತುಂಬ ಚರಗವೆಂದು ಚೆಲ್ಲುತ್ತೇವೆ. ನಮ್ಮ ಪಾಂಡವರು ಅದೇ ಮೂಲೆಯ ಬನ್ನಿಗಿಡದ ಕೆಳಗಿದ್ದರು. ನೆಲ ಸಪಾಟು ಮಾಡುವಾಗ ಗಿಡವೂ ಹೋಯಿತು, ಕಲ್ಲುಗಳೂ ಹೋದವು. ಆಮೇಲೆ ಸರಕಾರ ಅಲ್ಲೇ ಐದು ಕಲ್ಲು ನೆಟ್ಟು ಸುಣ್ಣವನ್ನೂ ತಾನೇ ಬಳಿಸಿದಾಗ ಅವ್ವ ಸಮಾಧಾನಪಟ್ಟುಕೊಂಡಿದ್ದಳು. ಹೊಲ ತೆಗೆದುಕೊಂಡರೂ ದೇವರನ್ನು ವಾಪಸು ಕೊಟ್ಟರಲ್ಲ ಎಂದು. ಪ್ರತಿ ವರ್ಷ ಊರೆಲ್ಲ ಹೊಲಕ್ಕೆ ಹೋದಾಗ, ಬೂದೆಪ್ಪ ಗೂಗಲ್‌ನಲ್ಲಿದ್ದಾಗ, ಒಬ್ಬಳೇ ಬಂದು ಎಡೆ ಹಿಡಿದು ಹೋಗುತ್ತಿದ್ದಳು. ಈ ವರ್ಷ ಮೇವಿಗೆ ಬಂದಾಗ ದೇವರ ಮೈಮೇಲೆ ಕೆಸರು ಕಂಡಿತ್ತು, ಕಂಡಾಗಲೆಲ್ಲ ತೊಳೆದು ಸುಣ್ಣ ಬಳಿದಿದ್ದಳು.

ಮುರಿದ ಬಂಡಿಯ ಹಿಂದಿನಿಂದ ಬೂದೆಪ್ಪ ಎದ್ದು ಬಂದ. ಜಹೀರ ಒಳಗಿದ್ದರೂ ಅವನ ಕಡೆಯವನು ಇನ್ನೊಬ್ಬನಿರಬೇಕೆಂದು, ಆ ಕಳ್ಳನನ್ನು ಹಿಡಿಯಲು ಮುಂಜಾನೆಯಿಂದ ಅಡಗಿ ಕುಳಿತಿದ್ದನಂತೆ. ಕೈಯಲ್ಲಿ ಬಡಿಗೆ. ಗೂಗಲ್‌ನಲ್ಲಿ ಹುಟ್ಟಿ, ಪ್ರತಿ ವರ್ಷ ಅಣ್ಣನ ಹೊಲದಲ್ಲಿ ಇಂಥದೇ ಐದು ಕಲ್ಲಿಗೆ ಕೈ ಮುಗಿದವನು ಅವನು. ಹೊಲದಲ್ಲಾಗಿದ್ದರೆ ದೂರದಿಂದಲೇ ಗುರುತು ಹಿಡಿಯುತ್ತಿದ್ದ. ಆದರೆ ಇದು ಅವನ ಕಣ್ಣಿಗೆ ಹೊಲವಾಗಿರಲಿಲ್ಲ, ಸರಕಾರದ ಜಾಗವಾಗಿತ್ತು. ಸರಕಾರದ ಜಾಗದಲ್ಲಿ ಗುರುತು ಇರುತ್ತದೆ, ದೇವರು ಹೇಗೆ ಇರುತ್ತಾನೆ?

ಅತ್ತೆಯನ್ನು ನೋಡಿ ಅವನ ಮುಖ ಬಿಳಿಚಿತು. ಆದರೂ ಹುಟ್ಟುಗುಣ ಬಿಡಲಿಲ್ಲ. ನನ್ನ ಕಡೆ ತಿರುಗಿ, "ಗೋಪವ್ವ, ನಿಮ್ಮವ್ವಗ ಕೇಳು. ಈ ಕಲ್ಲಿಗೆ ಸುಣ್ಣ ಹಚ್ಚಂತ ಹೇಳಿದವ ಯಾರು? ಜಹೀರನಾ? ಸುಣ್ಣ ಅವನೇ ಕೊಟ್ನಾ?" ಎಂದ.

ಜಹೀರನ ಹೆಸರು ಇಲ್ಲಿ ಯಾಕೆ ಬಂತು ಎಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಬುಟ್ಟಿ ಕೆಳಗಿಟ್ಟು ಕೇಳಿದೆ. "ಮಾಮಾ, ಅವನನ್ನ ಹಿಡಿಸಿದಾವ ನೀನಾ?"

ಅವ್ವ ಕುಂಚವನ್ನು ಮಡಕೆಗೆ ಹಾಕಿದಳು. ಸೆರಗನ್ನು ಮುಂದಕ್ಕೆ ಎಳೆದುಕೊಳ್ಳಲಿಲ್ಲ. ಅಳಿಯನ ಮುಖವನ್ನೇ ನೋಡಿ, ಅವನು ಮನೆಗೆ ಬಂದ ಮೇಲೆ ಮೊಟ್ಟಮೊದಲ ಬಾರಿ, ಅವನಿಗೇ ಹೇಳಿದಳು. "ಸುಣ್ಣ ನಿನ್ನ ಮನ್ಯಾಂದು ಬೂದೆಪ್ಪ. ಈ ಕಲ್ಲಿಗಂತ ಸರಕಾರ ಕೊಟ್ಟಿದ್ರಾಗ ಉಳಿದದ್ದು ನೀ ಅಟ್ಟದ ಮ್ಯಾಗ ಇಟ್ಟಿದ್ದಿ, ನಿನ್ನ ಹೇಣ್ತಿ ಕೊಟ್ಟಳು, ಗ್ವಾಡಿಗಿ ಅಂತ ತಿಳಿದು. ಕಲ್ಲು ಯಾರೂ ತೋರಿಸಿಲ್ಲ. ನನ್ನ ಗಂಡನ ಹೊಲ ನನಗ ಇನ್ನೊಬ್ರು ತೋರಸ್ಬೇಕಾ? ಆ ಮನಿಶ್ಯಾ ಎಲ್ಲದಾನ ಈಗ?"

ಬೂದೆಪ್ಪ ಬಡಿಗೆ ಕೆಳಗೆ ಹಾಕಿ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ. ಅವ್ವ ಎಡೆ ಹಿಡಿದಳು, ಚರಗ ಚೆಲ್ಲಿದಳು, ಯಾರೂ ಉಣ್ಣಲಿಲ್ಲ.

ಮನೆಗೆ ಬಂದಾಗ ಅಕ್ಕ ಅತ್ತಳು. ಸರಕಾರದ ಸುಣ್ಣ ಮನೆಯಲ್ಲಿತ್ತು ಎಂದರೆ ಕೆಲಸ ಹೋಗುತ್ತದೆ, ಹೊಲವೂ ಇಲ್ಲ ಕೆಲಸವೂ ಇಲ್ಲ, ಯುದ್ಧ ಹೇಗೂ ಮುಗಿದಿದೆ, ಅವರೇ ಬಿಡುತ್ತಾರೆ, ಸುಮ್ಮನಿರಿ ಎಂದಳು. ಬೂದೆಪ್ಪ ಗೋಡೆಗೆ ಒರಗಿ ಕುಳಿತೇ ಇದ್ದ. ಅವನು ಸುಮ್ಮನಿದ್ದುಬಿಡುತ್ತಾನೆ ಎಂದು ನನಗೆ ಅನುಮಾನವಿತ್ತು. ಹೌದು, ಅನುಮಾನ ನನಗೂ ಅಂಟಿತ್ತು.

ಮರುದಿನ ಅವ್ವ ಅವನಿಗಿಂತ ಮೊದಲೇ ಎದ್ದು ಬಾಗಿಲಲ್ಲಿ ನಿಂತಿದ್ದಳು. ಮೂವರೂ ಠಾಣೆಗೆ ಹೋದೆವು. ಅವ್ವ ನಡೆದದ್ದೆಲ್ಲ ಹೇಳಿದಳು. ಸಾಹೇಬ ನಕ್ಕ. "ಈ ಮುದುಕೀಗೆ ಇದನ್ನ ಯಾರು ಕಲಿಸಿದ್ರು? ಅವನ ಹೆಂಡತಿ ನಿಮ್ಮ ಶಾಲೆಗೆ ಬಂದಿದ್ಲಂತಲ್ಲ ಟೀಚರ್?" ಅವಳು ಬಂದದ್ದೂ ಇವರಿಗೆ ಗೊತ್ತಿತ್ತು. ಸಾಹೇಬ ಬೂದೆಪ್ಪನ ಕಡೆ ತಿರುಗಿದ. "ಜಾಗದ ಕಾವಲುಗಾರ ನೀನು. ನೀನು ಹೇಳು. ಅವನು ಹಚ್ಚಿದ್ದು ನೋಡಿಯೋ ಇಲ್ಲೋ?"

"ನೋಡಿಲ್ರಿ" ಎಂದ ಬೂದೆಪ್ಪ. ಇನ್ನೊಮ್ಮೆ ಹೇಳಿದ. "ನಾ ನೋಡಿಲ್ರಿ. ನೋಡ್ಲಾರ್ದ ಹೇಳೀನಿ. ಸುಣ್ಣ ನನ್ನ ಮನ್ಯಾಗ ಇತ್ತು. ಅತ್ತಿ ಹೇಳಿದ್ದೇ ಖರೆ."

ಕೆಲಸ ಅವತ್ತೇ ಹೋಯಿತು. ಕೆನ್ನೆಗೆ ಎರಡು ಏಟೂ ಬಿದ್ದವು. ಜಹೀರನನ್ನು ಒಂದು ವಾರ ಬಿಟ್ಟು ಹೊರಗೆ ಕಳಿಸಿದರು, ಆದರೆ ವಾರಕ್ಕೊಮ್ಮೆ ಠಾಣೆಗೆ ಬಂದು ಮುಖ ತೋರಿಸಬೇಕೆಂದರು. ಯುದ್ಧ ಮುಗಿದರೂ ತುರ್ತು ಪರಿಸ್ಥಿತಿ ಮುಗಿದಿರಲಿಲ್ಲ. ಆ ನೆಲಕ್ಕೆ ಮತ್ತೆ ಹಾರಾಟದ ಅಪ್ಪಣೆ ಸಿಗಲಿಲ್ಲ. ಕಂಪನಿ ವಿಮಾನವನ್ನು ಬಿಚ್ಚಿ ಲಾರಿಯಲ್ಲಿ ಒಯ್ದಿತು, ಜಹೀರನನ್ನು ಒಯ್ಯಲಿಲ್ಲ. ಠಾಣೆ ಹತ್ತಿದವನು ಬೇಡ ಎಂದಿತು.

ಅವನು ಮಾನ್ವಿಯ ಸಂದಿಯೊಂದರಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ, ಸ್ಟೋವು ರಿಪೇರಿ ಇಟ್ಟುಕೊಂಡ. ಬೂದೆಪ್ಪ ಕೂಲಿಗೆ ಹೋಗತೊಡಗಿದ. ಒಮ್ಮೆ ನನ್ನನ್ನು ಜೊತೆಗೆ ಕರೆದುಕೊಂಡು ಜಹೀರನ ಮನೆಗೆ ಹೋಗಿ, "ತಪ್ಪಾತು" ಎಂದ. ಜಹೀರ ಸ್ಟೋವಿನ ತೂತಿಗೆ ತಂತಿ ಹಾಕುತ್ತಾ, "ನಿನ್ನ ಕೆಲಸ ನೀ ಮಾಡಿದಿ, ಹೋಗ್ಲಿ ಬಿಡು" ಎಂದ. ಬೈದಿದ್ದರೆ ಬೂದೆಪ್ಪನಿಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

ಎಪ್ಪತ್ತೈದರಲ್ಲಿ ಮತ್ತೊಂದು ತುರ್ತು ಪರಿಸ್ಥಿತಿ ಬಂತು. ಈ ಸಲ ಯುದ್ಧವಿರಲಿಲ್ಲ, ಆದರೆ ಪೊಲೀಸರಿಗೆ ಜಹೀರನ ಮನೆಯ ದಾರಿ ಮೊದಲೇ ಗೊತ್ತಿತ್ತು. ಒಂದು ದಿನ ಕರೆದೊಯ್ದು, ಸಂಜೆಯವರೆಗೆ ಕೂರಿಸಿಕೊಂಡು ಮನೆಗೆ ಕಳಿಸಿದರು. ಸುದ್ದಿ ಕೇಳಿ ಬೂದೆಪ್ಪ ಕಲ್ಮಲದಿಂದ ಬಂದು ನನ್ನ ಖೋಲಿಯಲ್ಲೇ ಉಳಿದ. "ಮತ್ತ ಬಂದ್ರ ಯಾರರ ಹೇಳಾವ್ರು ಬೇಕಲ್ಲ. ನಾ ಅಲ್ಲೇ ಕುಂತಿರ್ತೀನಿ. ಇವ ಏನೂ ಮಾಡಿಲ್ಲ, ನಾ ಕಣ್ಣಾರೆ ನೋಡೀನಿ ಅಂತೀನಿ" ಎಂದ. ಹೇಳಿದಂತೆಯೇ ಮಾಡಿದ. ಹಗಲೆಲ್ಲ ಜಹೀರನ ಎದುರು ಮನೆಯ ಜಗಲಿಯ ಮೇಲೆ ಮಂಡಿ ಹಿಡಿದು ಕುಳಿತು, ಬಂದವರನ್ನು ಹೋದವರನ್ನು ನೋಡುತ್ತಿದ್ದ. ಅವನಿಗೆ ಬರುತ್ತಿದ್ದ ಕೆಲಸ ಅದೊಂದೇ. ನನಗೆ ಅವನ ಮೇಲಿದ್ದ ಹಳೆಯ ಸಿಟ್ಟೆಲ್ಲ ಇಳಿದು, ಪಾಪ ಎನಿಸತೊಡಗಿತ್ತು.

ಒಂದು ಸಂಜೆ ಅವನನ್ನು ಊಟಕ್ಕೆ ಕರೆಯಲು ಹೋದೆ. ಶಹಜಾದಿ ಬೇಗಂ ಬಾಗಿಲು ದಾಟಿ ಜಗಲಿಯ ಹತ್ತಿರ ಬಂದಳು. "ಬೂದೆಪ್ಪಣ್ಣ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ನಮ್ಮ ಒಳ್ಳೇದಕ್ಕ ಕುಂದರ್ತೀರಿ, ನನಗ ಗೊತ್ತದ. ಓಣಿಗೆ ಗೊತ್ತಿಲ್ಲ. ಅವತ್ತು ಹಿಡಿಸಿದ ಕಾವಲುಗಾರ ಮತ್ತ ಬಂದು ಕುಂತಾನ, ಇವ್ರ ಮನ್ಯಾಗ ಏನೋ ನಡದದ ಅಂತಾರ. ಸ್ಟೋ ಕೊಡಾಕ ಯಾರೂ ಬರವಲ್ರು. ನೀವು ಕುಂತ್ರ ಪೊಲೀಸ್ರು ಕಾವಲು ಇಟ್ಟಂಗ ಆಗ್ತದಣ್ಣ."

ಬೂದೆಪ್ಪ ಕಟ್ಟೆಯ ಮೇಲಿದ್ದ ಜಹೀರನ ಕಡೆ ನೋಡಿದ. ಜಹೀರ ಸ್ಟೋವಿಗೆ ಪಂಪು ಹೊಡೆಯುತ್ತಿದ್ದ, ತಲೆ ಎತ್ತಲಿಲ್ಲ.

"ಬರಾದು ಬ್ಯಾಡೇನು?" ಎಂದು ಬೂದೆಪ್ಪ ಅವನನ್ನೇ ಕೇಳಿದ.

ಉತ್ತರ ಕೊಟ್ಟದ್ದು ಅವಳು. "ಬ್ಯಾಡಣ್ಣ."

ಅವನು ಎದ್ದು ಧೋತರದ ಧೂಳು ಕೊಡವಿ ನನ್ನ ಹಿಂದೆ ಬಂದ. ಸಂದಿಯ ತಿರುವಿನಲ್ಲಿ ಇಬ್ಬರು ಅವನನ್ನು ನೋಡಿ ಮಾತು ನಿಲ್ಲಿಸಿದರು. ನನಗೆ ರೇಗಿತು, ಅವರಿಗೆ ಏನೋ ಅನ್ನಲು ಹೋದೆ. ಬೂದೆಪ್ಪ ನನ್ನ ಕೈ ಹಿಡಿದ.

"ಬಿಡು ಗೋಪವ್ವ" ಎಂದ. "ಅವ್ರ ಜಾಗದಾಗ ನಾ ಇದ್ರ, ನಾನೂ ಇದನ್ನಾ ತಿಳೀತಿದ್ದೆ."

ಮರುದಿನ ಕಲ್ಮಲಕ್ಕೆ ಹೋದವನು ಮತ್ತೆ ಆ ಸಂದಿಗೆ ಕಾಲಿಡಲಿಲ್ಲ.